‘ಹಾಕು’ ಎನ್ನದ ಮನುಷ್ಯ

ಹೋದ ತಿಂಗಳು ನಮ್ಮ ಮನೆಯ ಗೀಸರ್ ಮತ್ತೆ ಕೈಕೊಟ್ಟಿತು. ಸ್ವಿಚ್ಚಿನ ಕೆಂಪು ದೀಪ ಉರಿಯುತ್ತದೆ, ನೀರು ಮಾತ್ರ ಬಿಸಿಯಾಗುವುದಿಲ್ಲ. ಕಾಯಿಲ್ ಹೋಗಿದೆ ಎಂದು ನನಗೇ ಗೊತ್ತಾಯಿತು. ರಾಮನಗರದ ಬೋರ್ ನೀರಿನಲ್ಲಿ ಇಪ್ಪತ್ತು ವರ್ಷ ಸಂಸಾರ ಮಾಡಿದವಳಿಗೆ ಅಷ್ಟೂ ಗೊತ್ತಾಗದಿದ್ದರೆ ಹೇಗೆ? ಫೋನ್ ಮಾಡಿದ್ದಕ್ಕೆ ಹೊಸ ರಿಪೇರಿಯವನೊಬ್ಬ ಬಂದ. ಬಚ್ಚಲಲ್ಲಿ ಸ್ಟೂಲ್ ಹತ್ತಿ ಕಾಯಿಲ್ ಬದಲಾಯಿಸಿ ಒಳಗಿನಿಂದಲೇ ಕೂಗಿದ: “ಮೇಡಂ, ಹಾಕಿ!”

ನಾನು ಹೊರಗಿನ ಓಣಿಯಲ್ಲಿ ನಿಂತಿದ್ದೆ. ನನ್ನ ಎದುರಿನ ಗೋಡೆಯ ಮೇಲೆ ಗೀಸರಿನ ಸ್ವಿಚ್ಚು. ಅದರಿಂದ ಒಂದು ಗೇಣು ಆಚೆಗೆ ನೀರು ಬಿಡುವ, ನಿಲ್ಲಿಸುವ ಗೇಟ್ ವಾಲ್ವು. ನಾನು ಎರಡನ್ನೂ ಮುಟ್ಟಲಿಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡು, “ಏನು ಹಾಕಬೇಕು? ಬಿಡಿಸಿ ಹೇಳಿ” ಎಂದೆ. “ಸ್ವಿಚ್ಚು ಮೇಡಂ, ಇನ್ನೇನು?” ಎಂದ. “ನೀವು ಹೊರಗೆ ಬಂದು ನೀವೇ ಹಾಕಿಕೊಳ್ಳಿ” ಎಂದೆ. ಅವನು ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು, ತಲೆ ಸರಿಯಿಲ್ಲದವಳನ್ನು ನೋಡುವ ಹಾಗೆ ನನ್ನನ್ನು ನೋಡಿ, ಸ್ವಿಚ್ ಒತ್ತಿ ಹೋದ. ಅವನು ಹೋದ ಮೇಲೆ ನಾನು ಅಲ್ಲೇ ಗೋಡೆಗೆ ಒರಗಿ ಸ್ವಲ್ಪ ಹೊತ್ತು ಕುಳಿತೆ.

ಈ ಭಯ ನನಗೆ ಹುಟ್ಟಿನಿಂದ ಬಂದದ್ದಲ್ಲ, ನಮ್ಮ ಹಳೇ ಗೀಸರ್ ರಿಪೇರಿಯವರಿಂದ ಅಂಟಿದ್ದು. ಅವರು ಹೋಗಿ ವರ್ಷವಾಗುತ್ತಾ ಬಂತು. ಅವರ ಹೆಸರು ಬರೆಯುವುದಿಲ್ಲ. ಅವರ ತಾಯಿ ಬೈರಾಪಟ್ಟಣದಲ್ಲಿ ಇನ್ನೂ ಇದ್ದಾರೆ. ಆಕೆಗೆ ಓದು ಬಾರದು, ಆದರೆ ಓದಿ ಹೇಳುವವರು ಊರಲ್ಲಿ ಬೇಕಾದಷ್ಟಿದ್ದಾರೆ. ಆಕೆಯ ಸಣ್ಣ ಮಗ ಸತ್ತದ್ದು ಯಾರ ಕೈಯಿಂದ ಎನ್ನುವುದು ಆಕೆಗೆ ಗೊತ್ತಿಲ್ಲ. ನನಗೆ ಗೊತ್ತಿದೆ. ಹೇಳುವುದೋ ಬಿಡುವುದೋ ಎಂದು ಒಂದು ವರ್ಷದಿಂದ ಒದ್ದಾಡುತ್ತಿದ್ದೇನೆ.

ಅವರು ನಮ್ಮ ಮನೆಗೆ ಮೊದಲು ಬಂದದ್ದು ಬಿಡದಿ ಕಡೆ ಒಂದರ ಹಿಂದೆ ಒಂದು ಫ್ಯಾಕ್ಟರಿ ಏಳುತ್ತಿದ್ದ ವರ್ಷಗಳಲ್ಲಿ. ಎಲ್ಲಿಂದಲೋ ಕೆಲಸಕ್ಕೆ ಬಂದವರು ಬಾಡಿಗೆಗೆ ಮನೆ ಕೇಳುತ್ತಿದ್ದರು. ನಮ್ಮ ಯಜಮಾನರಿಗೆ ರೇಷ್ಮೆಗೂಡಿನ ಮಾರ್ಕೆಟ್ ಹತ್ತಿರ ದಿನಸಿ ಅಂಗಡಿ. ಅವರೂ ಎಲ್ಲರ ಹಾಗೆ ಮನೆಯ ಹಿಂದಿನ ಜಾಗದಲ್ಲಿ ನಾಲ್ಕು ಮನೆ ಎಬ್ಬಿಸಿದರು. ಹಂಡೆ, ಸೌದೆ, ಹೊಗೆ ಯಾವುದೂ ಆ ಬಾಡಿಗೆಯವರಿಗೆ ಆಗದು. ಬೆಳಗಿನ ಶಿಫ್ಟಿಗೆ ಬಸ್ಸು ಬರುವುದರೊಳಗೆ ಸ್ನಾನ ಆಗಬೇಕು. ಹಾಗಾಗಿ ನಾಲ್ಕು ಬಚ್ಚಲಿಗೆ ನಾಲ್ಕು ಗೀಸರ್, ನಮ್ಮದೊಂದು ಸೇರಿ ಐದು. ಬೋರ್ ನೀರು ಅವನ್ನು ವರ್ಷಕ್ಕೊಂದರಂತೆ ತಿಂದುಹಾಕುತ್ತಿತ್ತು.

ರಿಪೇರಿಯವರು ಮೊಪೆಡ್ಡಿನ ಹಿಂದೆ ಕ್ಯಾನ್ವಾಸ್ ಚೀಲ ಕಟ್ಟಿಕೊಂಡು ಬರುತ್ತಿದ್ದರು. ತೆಳ್ಳಗೆ, ಎತ್ತರ, ಯಾವಾಗಲೂ ಅರ್ಧ ತೋಳಿನ ಬಿಳಿ ಅಂಗಿ. ರಿಪೇರಿ ಮಾಡುವವರು ಬಿಳಿ ಅಂಗಿ ತೊಡುವುದನ್ನು ನಾನು ನೋಡಿದ್ದು ಇವರೊಬ್ಬರಲ್ಲೇ. ಮೊದಲು ಸ್ವಿಚ್ ಆಫ್ ಮಾಡುತ್ತಿದ್ದರು. ಆಮೇಲೆ ಮೀಟರ್ ಬೋರ್ಡಿಗೆ ಹೋಗಿ ಫ್ಯೂಸನ್ನೇ ಕಿತ್ತು ಜೇಬಿಗೆ ಇಳಿಬಿಟ್ಟುಕೊಳ್ಳುತ್ತಿದ್ದರು. ಆಮೇಲೂ ಟೆಸ್ಟರ್ ಇಟ್ಟು ಮೂರು ಸಲ ನೋಡುತ್ತಿದ್ದರು. “ಫ್ಯೂಸೇ ನಿಮ್ಮ ಜೇಬಲ್ಲಿದೆ, ಕರೆಂಟೇನು ಕಿಟಕಿಯಿಂದ ಹಾರಿ ಬರುತ್ತಾ?” ಎಂದು ನಾನು ರೇಗಿಸಿದರೆ, “ಬಂದ್ರೂ ಬತ್ತದೆ ಅಕ್ಕ. ಅದ್ಕೇನು ಕಣ್ಣಾ, ಕಿವೀನಾ?” ಎನ್ನುತ್ತಿದ್ದರು.

ಟ್ಯಾಂಕಿನ ನೀರು ಇಳಿಸಿ, ಅಡಿಯ ಮುಚ್ಚಳ ಬಿಚ್ಚಿ, ನಟ್ಟುಗಳನ್ನು ಒಂದೊಂದೇ ಸಡಿಲಿಸಿ ಹಳೇ ಕಾಯಿಲನ್ನು ಹೊರಗೆ ಎಳೆಯುತ್ತಿದ್ದರು. ಅದು ಬರುವಾಗ ಸುಣ್ಣದ ಚಕ್ಕೆಗಳೂ ದಬದಬನೆ ಬಕೆಟ್ಟಿಗೆ ಬೀಳುತ್ತಿದ್ದವು. ಒಂದು ಚಕ್ಕೆ ಎತ್ತಿ ಬೆಳಕಿಗೆ ಹಿಡಿದು ನೋಡಿ, ಅದು ಯಾವ ಕಡೆಯ ನೀರು ಎಂದು ಹೇಳಬಲ್ಲರು. ಬೈರಮಂಗಲದ ಕಡೆಯದಾದರೆ ಒಂದು ಬಣ್ಣ, ಕನಕಪುರ ರಸ್ತೆಯದಾದರೆ ಇನ್ನೊಂದು. ನಮ್ಮದು ಒಳ್ಳೆ ಇಡ್ಲಿ ಬಣ್ಣ. “ಇಷ್ಟು ಸುಣ್ಣ ನಿಮ್ ಗೋಡೇಗೆ ಬಳಿದಿದ್ರೆ ದೀಪಾವಳಿ ಕಳ್ದೋಗೋದು ಅಕ್ಕ” ಎಂದು ಅಪರೂಪಕ್ಕೆ ನಗುತ್ತಿದ್ದರು. ಟ್ಯಾಂಕ್ ತೊಳೆದು, ಹೊಸ ರಬ್ಬರ್ ವಾಷರ್ ಕೂರಿಸಿ, ಹೊಸ ಕಾಯಿಲ್ ಏರಿಸಿ, ನೀರು ತುಂಬಿಸುತ್ತಿದ್ದರು. ಬಿಸಿನೀರಿನ ನಲ್ಲಿಯಲ್ಲಿ ಧಾರೆ ಬರುವ ತನಕ ಕರೆಂಟಿನ ಮಾತೇ ಇಲ್ಲ. ಖಾಲಿ ಟ್ಯಾಂಕಿಗೆ ಕರೆಂಟ್ ಕೊಟ್ಟರೆ ಹೊಸ ಕಾಯಿಲ್ ಗಳಿಗೆಯಲ್ಲಿ ಸುಟ್ಟುಹೋಗುತ್ತದಂತೆ.

ನೀರು ತುಂಬುವ ಆ ಹೊತ್ತಿನಲ್ಲಿ ಮಾತ್ರ ಅವರು ಬೇರೆ ಮನುಷ್ಯ. ಟ್ಯಾಂಕಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ಎಷ್ಟು ತುಂಬಿತು ಎಂದು ಸದ್ದಿನಲ್ಲೇ ಅಳೆಯುತ್ತಾರೆ, ಅದೂ ಒಂದು ವಿದ್ಯೆ ಎಂದುಕೊಂಡಿದ್ದೆ. ಬಾಡಿಗೆ ಮನೆಯ ಹೆಂಗಸರಿಗೂ ಹಾಗೇ ಹೇಳಿ ಹೊಗಳಿದ್ದೆ.

ಅವರದು ಇನ್ನೊಂದು ವಿಚಿತ್ರ, ಅವರ ಮಾತು. ಅದು ನನ್ನ ಕಿವಿಗೆ ಬೀಳಲು ಎರಡು ಮೂರು ಸಲದ ಭೇಟಿ ಬೇಕಾಯಿತು. ಅವರು ‘ಹಾಕು’ ಎನ್ನುವುದಿಲ್ಲ. ಸ್ವಿಚ್ಚಿಗೆ ‘ಆನ್’, ‘ಆಫ್’. ನೀರಿಗೆ ‘ಬಿಡಿ’, ‘ನಿಲ್ಸಿ’. ಅಷ್ಟೇ ಅಲ್ಲ, ನಾವು ಹೊರಗೆ ನಿಂತು ಸಹಾಯ ಮಾಡುವುದಾದರೆ ಅವರು ಹೇಳಿದ್ದನ್ನು ತಿರುಗಿ ಒಪ್ಪಿಸಬೇಕು. “ನೀರು ನಿಲ್ಸಿ ಅಕ್ಕ” ಎಂದರೆ, “ನೀರು ನಿಲ್ಸಿದೆ ಅಣ್ಣ” ಎನ್ನಬೇಕು. ಮಗ್ಗಿ ಒಪ್ಪಿಸಿದ ಹಾಗೆ. ಒಪ್ಪಿಸದಿದ್ದರೆ ಕೆಲಸ ಮುಂದಕ್ಕೆ ಹೋಗದು. ಯಾಕೆ ಇಷ್ಟೆಲ್ಲ ಎಂದರೆ, “ಕರೆಂಟು ಕಣ್ಣಿಗೆ ಕಾಣಾಕಿಲ್ಲ ಅಕ್ಕ, ಮಾತಾದ್ರೂ ಕಾಣ್ಬೇಕು” ಎಂದಷ್ಟೇ ಹೇಳಿದ್ದರು.

ನನಗೆ ಒಬ್ಬರ ವರಸೆ ಗೊತ್ತಾದರೆ ಕೆಣಕದೆ ಇರಲು ಆಗುವುದಿಲ್ಲ. ಇದು ನನ್ನ ಹುಟ್ಟುಗುಣ, ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಒಂದು ದಿನ ಊಟಕ್ಕೆ ಕೂರಿಸಿ, ಬೇಕೆಂದೇ “ಅನ್ನ ಹಾಕ್ಲಾ ಅಣ್ಣ?” ಎಂದೆ. “ಒಸಿ ಇಕ್ಕಿ ಅಕ್ಕ” ಎಂದರು. “ಮನೆಗೆ ಬೀಗ ಏನು ಮಾಡ್ತೀರಿ?” “ಬೀಗ ಜಡೀತೀನಿ.” “ಬಾಗಿಲು?” “ಮುಚ್ತೀನಿ.” “ಅಂಗಿ?” “ತೊಟ್ಕೊತೀನಿ.” “ಗಿಡಕ್ಕೆ ನೀರು?” “ಉಯ್ತೀನಿ ಕಣಕ್ಕ, ಸುಮ್ಕೆ ಉಣ್ಣಾಕೆ ಬುಡಿ” ಎಂದರು. ಮನೆಮಂದಿಯೆಲ್ಲ ನಕ್ಕೆವು. ಅವರೂ ನಕ್ಕರು. ಒಂದು ಮಾತನ್ನು ಪೂರಾ ಬಿಟ್ಟು ಬದುಕಲು ಎಷ್ಟು ಪದಗಳನ್ನು ಕೂಡಿಸಿಟ್ಟುಕೊಂಡಿದ್ದಾರಲ್ಲ ಎಂದು ನಾನು ಮೆಚ್ಚಿಕೊಂಡೆನೇ ಹೊರತು, ಯಾಕೆ ಬಿಟ್ಟರು ಎಂದು ಯೋಚಿಸಲಿಲ್ಲ.

ಅದಾದ ಮೇಲಿನ ಚಳಿಗಾಲದಲ್ಲಿ ನಾನು ಮಾಡಿದ ಕೆಲಸವನ್ನು ಬರೆಯಲು ನಾಚಿಕೆಯಾಗುತ್ತದೆ. ನಾಲ್ಕನೇ ಮನೆಯ ಕಾಯಿಲ್ ಬದಲಾಯಿಸುತ್ತಿದ್ದರು. ಬಾಡಿಗೆಯವರು ಡ್ಯೂಟಿಗೆ ಹೋಗಿದ್ದರು, ನಾನು ಹೊರಗೆ ನಿಂತಿದ್ದೆ. ಕಾಯಿಲ್ ಕೂರಿಸಿಯಾಗಿತ್ತು, ವೈರು ಸಿಕ್ಕಿಸಿಯಾಗಿತ್ತು, ಟ್ಯಾಂಕಿಗೆ ನೀರು ತುಂಬುತ್ತಿತ್ತು. ಅವರು ಎಂದಿನಂತೆ ಟ್ಯಾಂಕಿಗೆ ಕಿವಿ ಹಚ್ಚಿ ನಿಂತಿದ್ದರು. ಫ್ಯೂಸು ಅವರ ಜೇಬಿನಲ್ಲೇ ಇದೆ, ಏನೂ ಅಪಾಯವಿಲ್ಲ ಎಂದು ನನಗೆ ಗೊತ್ತಿತ್ತು. ತಮಾಷೆಗೆ ಸ್ವಿಚ್ಚನ್ನು ಟಕ್ಕೆಂದು ಒತ್ತಿ, “ಅಣ್ಣಾ, ಹಾಕಿದೆ!” ಎಂದು ಕೂಗಿದೆ.

ಒಳಗೆ ಸ್ಪ್ಯಾನರ್ ಬಿದ್ದ ಸದ್ದು, ಸ್ಟೂಲ್ ಉರುಳಿದ ಸದ್ದು. ಅವರು ಬಾಗಿಲಿಗೆ ಬಂದರು. ಬಿಳಿ ಅಂಗಿಗಿಂತ ಮುಖವೇ ಬೆಳ್ಳಗಾಗಿತ್ತು. ನನ್ನನ್ನು ನೋಡಲಿಲ್ಲ, ನನ್ನ ಕೈ ನೋಡಿದರು. ಆಮೇಲೆ ಓಣಿಯಲ್ಲಿ ಗೋಡೆಗೆ ಒರಗಿ ಜಾರಿ ಕುಳಿತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನಲವತ್ತು ದಾಟಿದ ಗಂಡಸು ಹಾಗೆ ಅಳುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ನೀರು ತಂದುಕೊಟ್ಟೆ. ತಪ್ಪಾಯಿತು ಎಂದು ಹತ್ತು ಸಲ ಹೇಳಿದೆ. ಆಮೇಲೆ ಅವರು ಹೇಳಿದ್ದು ಇಷ್ಟು.

ಅವರಿಗೊಬ್ಬ ತಮ್ಮನಿದ್ದ. ಎರಡು ವರ್ಷಕ್ಕೆ ಚಿಕ್ಕವನು. ಈ ಕೆಲಸ ಮೊದಲು ಕಲಿತದ್ದು ಅವನೇ. ಊರಲ್ಲಿ ಹಿಪ್ಪುನೇರಳೆ ತೋಟ ನೋಡಿಕೊಂಡಿದ್ದ ಅಣ್ಣನನ್ನು ಕರೆದುಕೊಂಡು ಬಂದು, ಕೈಹಿಡಿದು ಕಲಿಸಿದವನೂ ಅವನೇ. ಬಲು ಹುಷಾರಿನ ಕೆಲಸಗಾರ. ಇಬ್ಬರೂ ಚನ್ನಪಟ್ಟಣದ ಒಂದು ಮನೆಗೆ ಕಾಯಿಲ್ ಬದಲಾಯಿಸಲು ಹೋಗಿದ್ದರು. ಮನೆಯವರು ಹೊರಗೆಲ್ಲೋ ಹೋಗಿದ್ದರು. ತಮ್ಮ ಒಳಗೆ ಟ್ಯಾಂಕಿನ ಹತ್ತಿರ, ಅಣ್ಣ ಹೊರಗೆ. ಆ ಮನೆಯಲ್ಲೂ ನಮ್ಮ ಮನೆಯ ಹಾಗೆಯೇ ಸ್ವಿಚ್ಚೂ ಗೇಟ್ ವಾಲ್ವೂ ಒಂದೇ ಗೋಡೆಯ ಮೇಲೆ. ಕಾಯಿಲ್ ಕೂರಿಸಿಯಾಗಿತ್ತು, ಅಡಿಯ ಮುಚ್ಚಳ ಇನ್ನೂ ಮುಚ್ಚಿರಲಿಲ್ಲ. ನೀರು ತುಂಬುತ್ತಿದ್ದಾಗ ವಾಷರ್ ಸರಿಯಾಗಿ ಕೂರದೆ ನೀರು ಸೋರಿ ಅವನ ಕೈಮೇಲೆ ಸುರಿಯಿತು. ಅವನು ಕೂಗಿದ: “ಅಣ್ಣಾ, ಹಾಕು! ಹಾಕು!”

ಗೇಟ್ ವಾಲ್ವ್ ಹಾಕು ಎಂದು ಅವನ ಅರ್ಥ. ನೀರು ನಿಲ್ಲಿಸು ಎಂದು. ಬಾಗಿಲು ಹಾಕು, ಗೇಟ್ ಹಾಕು ಎಂದರೆ ನಮ್ಮಲ್ಲಿ ಮುಚ್ಚುವುದು ತಾನೆ? ಸ್ವಿಚ್ ಹಾಕು ಎಂದರೆ ಅದೇ ಮಾತು ತಿರುಗಿ ನಿಲ್ಲುತ್ತದೆ. ಅದೊಂದು ಮಾತಿನಲ್ಲಿ ನೀರು ನಿಲ್ಲುತ್ತದೆ, ಕರೆಂಟು ಹರಿಯುತ್ತದೆ. ಅಣ್ಣ ಸ್ವಿಚ್ ಹಾಕಿದರು.

“ಟ್ಯಾಂಕ್ ತುಂಬ್ತೇನೋ, ಅದ್ಕೇ ಕೂಗ್ದ ಅನ್ಕಂಡೆ ಅಕ್ಕ. ಒಸಿನೂ ಯೋಚ್ನೆ ಮಾಡ್ನಿಲ್ಲ. ಎಲ್ಡ್ ಸಲ ಕೂಗಿದ್ನಲ್ಲ, ಅರ್ಜೆಂಟು ಅಂತ ಬಿರ‍್ನೆ ಒತ್ಬುಟ್ಟೆ.”

ಆಸ್ಪತ್ರೆಗೆ ತಾಯಿ ಓಡಿಬಂದು ಗೇಟಿನಲ್ಲೇ ಇವರ ಅಂಗಿ ಹಿಡಿದು, “ಸ್ವಿಚ್ ಹಾಕಿದ್ ಯಾರ್ಲಾ?” ಎಂದು ಕೇಳಿದರಂತೆ. ಇವರ ಬಾಯಿಂದ, “ಅವ್ನೇ ಕಣವ್ವ, ತಾನೇ ಹಾಕ್ಬುಟ್ಟು ಹೋಗಿ ಕೈ ಇಕ್ದ” ಎಂದು ಬಂದುಬಿಟ್ಟಿತು. ಅವತ್ತೊಂದು ದಿನ ತಪ್ಪಿಸಿಕೊಂಡರೆ ಸಾಕು, ಮಣ್ಣಾದ ಮೇಲೆ ಹೇಳಿದರಾಯಿತು ಎಂದುಕೊಂಡರು. ಮಣ್ಣಾಯಿತು, ತಿಥಿಯಾಯಿತು. ಊರೆಲ್ಲ ಅದನ್ನೇ ನಂಬಿತು. ಅಷ್ಟು ಹುಷಾರಿನವನ ಹೆಸರು ಊರಿನಲ್ಲಿ ಅಜಾಗರೂಕತೆಗೇ ಅಂಟಿಕೊಂಡಿತು. ಮಕ್ಕಳು ಪ್ಲಗ್ಗಿನ ಹತ್ತಿರ ಹೋದರೆ, ಅವನ ಹಂಗೆ ಸಾಯ್ತೀಯಾ ಎಂದು ಹೆಂಗಸರು ಗದರಿಸುವುದನ್ನು ಇವರೇ ಕಿವಿಯಾರೆ ಕೇಳಿದ್ದಾರೆ. ತಾಯಿಯಂತೂ ದಿನಾ ದೀಪ ಹಚ್ಚುವಾಗ ಗೋಡೆಯ ಮೇಲಿನ ಫೋಟೋವನ್ನು ಬೈಯುತ್ತಾರೆ. “ಹುಸಾರಾಗಿ ಇರಕ್ಕೇನ್ ಬಂದಿತ್ತೋ ನಿಂಗೆ” ಎಂದು. ಇವರು ಅದೇ ಪಡಸಾಲೆಯಲ್ಲಿ ಕೂತು ಉಣ್ಣಬೇಕು.

“ಟ್ಯಾಂಕ್ ತುಂಬ್ತಾ ಇರೋವಾಗ ಆ ಸದ್ದೊಳ್ಗೆ ಅವನ ಗಂಟ್ಲು ಬತ್ತದೆ ಅಕ್ಕ” ಎಂದರು. “ಎಲ್ಲಾರ್ ಮನೆ ಗೀಸರ್‌ನಾಗೂ ಬತ್ತದೆ. ಕೂಗೋದು ಕೇಳಿಸ್ತದೆ, ಏನಂತ ತಿಳಿಯಾಕಿಲ್ಲ. ಅದ್ಕೇ ಕಿವಿ ಇಕ್ಕೊಂಡು ನಿಂತ್ಕೊತೀನಿ. ಈ ಸಲನಾದ್ರೂ ಸರಿಯಾಗ್ ಕೇಳಿಸ್ಕಬೇಕಲ್ಲ.”

ನಾನು ಹೊಗಳಿ ಮೆರೆಸಿದ ವಿದ್ಯೆ ಇದು. ಆ ದಿನದಿಂದ ನಾನು ಅವರನ್ನು ಕೆಣಕುವುದನ್ನು ಬಿಟ್ಟೆ. ಅವರ ಕೆಲಸ ನೋಡುವುದೂ ಕಷ್ಟವಾಯಿತು. ಅವರು ಟ್ಯಾಂಕಿಗೆ ಕಿವಿ ಹಚ್ಚಿದರೆ ನಾನು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಅಲ್ಲಿಗೂ ನೀರು ತುಂಬುವ ಸದ್ದು ಬರುತ್ತಿತ್ತು.

ಕೆಣಕುವುದನ್ನು ಬಿಟ್ಟೆನೇ ಹೊರತು ಕೇಳುವುದನ್ನು ಬಿಡಲಿಲ್ಲ. ಬಂದಾಗಲೆಲ್ಲ, “ನಿಮ್ಮವ್ವನಿಗೆ ಹೇಳಿದ್ರಾ?” ಎನ್ನುತ್ತಿದ್ದೆ. “ಈ ಯುಗಾದಿಗೆ ಹೇಳ್ತೀನಿ.” ಯುಗಾದಿ ಕಳೆಯುತ್ತಿತ್ತು. “ಅವ್ವಂಗೆ ಕಣ್ಣಾಪ್ರೇಸನ್ ಆಯ್ತದೆ, ಅದಾಗ್ಲಿ ಅಕ್ಕ.” ಅದೂ ಆಯಿತು. ಒಮ್ಮೆ ಕಬ್ಬಾಳಮ್ಮನ ಗುಡಿಗೆ ಹೋಗಿಬಂದು ಪ್ರಸಾದದ ಜೊತೆ, “ಅಮ್ಮನ ಮುಂದೆ ಎಲ್ಲಾ ಹೇಳ್ಬುಟ್ಟೆ ಅಕ್ಕ, ಬಾಯ್ಬುಟ್ಟು ಹೇಳ್ದೆ” ಎಂದರು. ನನಗೆ ಸಿಟ್ಟು ಬಂತು. “ಕಬ್ಬಾಳಮ್ಮ ಬಂದು ನಿಮ್ಮವ್ವನಿಗೆ ಹೇಳ್ತಾಳಾ? ಆ ಹುಡುಗ ಇನ್ನೂ ಎಷ್ಟು ವರ್ಷ ಬೈಸಿಕೊಳ್ಳಬೇಕು?” ಎಂದುಬಿಟ್ಟೆ. ಅವರು ತಲೆ ತಗ್ಗಿಸಿದರು. “ಗೊತ್ತು ಅಕ್ಕ. ಆದ್ರೆ ಅವ್ವಂಗೆ ಈಗ ಒಬ್ಬ ಮಗ ಸತ್ತವ್ನೆ. ನಾನು ಹೇಳ್ಬುಟ್ರೆ ಇಬ್ರು” ಎಂದರು. ಹೀಗೇ ಒಟ್ಟು ಹನ್ನೊಂದು ವರ್ಷ.

ಅವರು ಹೋದದ್ದು ಕಾಮಾಲೆಯಿಂದ. ನಾಟಿ ಔಷಧಿ ಎಂದು ಅಲ್ಲಿ ಇಲ್ಲಿ ತಿರುಗಿ, ಆಸ್ಪತ್ರೆಗೆ ಸೇರುವ ಹೊತ್ತಿಗೆ ತಡವಾಗಿತ್ತು. ಸುದ್ದಿ ನನಗೆ ತಲುಪಿದ್ದೇ ಮಣ್ಣಾದ ಮೇಲೆ. ಹನ್ನೊಂದನೇ ದಿನದ ತಿಥಿಗೆ ನಾನೂ ಯಜಮಾನರೂ ಬೈರಾಪಟ್ಟಣಕ್ಕೆ ಹೋದೆವು. ನಾನು ಆ ಮನೆ ನೋಡಿದ್ದು ಅದೇ ಮೊದಲು.

ಪಡಸಾಲೆಯಲ್ಲಿ ಅಣ್ಣತಮ್ಮಂದಿರ ಎರಡು ಫೋಟೋ ಇಟ್ಟು ಎರಡು ಎಲೆಯಲ್ಲಿ ಎಡೆ ಇಟ್ಟಿದ್ದರು. ದೊಡ್ಡವರಿಗೆ ಇಡುವಾಗ ಚಿಕ್ಕವನಿಗೂ ಇಡಬೇಕೆಂದು ತಾಯಿ ಹಟ ಮಾಡಿದರಂತೆ. ಮುದ್ದೆ, ಸಾರು, ವಡೆ, ಎಲೆಗೊಂದೊಂದು ಬೇಯಿಸಿದ ಮೊಟ್ಟೆ. ತಾಯಿ ಎಡೆಯ ಪಕ್ಕದಲ್ಲೇ ಕುಳಿತಿದ್ದರು. ಸೊಸೆ ನನ್ನನ್ನು ತೋರಿಸಿ, “ರಾಮನಗರದ ಅಕ್ಕ ಇವ್ರೇ ಕನತ್ತೆ” ಎಂದಳು. ಆಕೆ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಸೊಸೆ ನೀರು ತರಲು ಒಳಗೆ ಹೋದ ಮೇಲೆ ಮೆಲ್ಲನೆ ಕೇಳಿದರು.

“ನಿನ್ ಸುದ್ದಿ ಬಾಳ ಯೋಳೋನು ಕನವ್ವ. ನಿನ್ನತ್ರ ಏನಾರ ಬಾಯ್ಬುಟ್ಟಿದ್ನಾ? ಸಣ್ಣೋನ್ ಇಸ್ಯ?”

ನಾನು ಎಡೆಯ ಕಡೆ ತಿರುಗಿದೆ.

“ಸಣ್ಣೋನು ಕೈ ಇಕ್ಕಾಕ್ ಮುಂಚೆ ನಾಕ್ ಸಲ ನೋಡೋನು ಕನವ್ವ. ಒಲೆ ತಾವ ಕುಂತ್ರೂ ಅಂಗೇಯ. ಅಂತೋನು ಸ್ವಿಚ್ ಹಾಕ್ಬುಟ್ಟು ಹೋಗಿ ಕೈ ಇಕ್ತಾನಾ? ನಂಗೆ ಒಂದ್ ದಿನಾನೂ ನಂಬ್ಕೆ ಬರ್ನಿಲ್ಲ. ದೊಡ್ಡೋನೇ ಬಾಯ್ಬುಟ್ಟಾನು ಅಂತ ದಿನಾ ಅವನ್ ಮುಂದ್ಲೇ ಫೋಟೋ ಬೈತಿದ್ದೆ. ಅವ್ನು ತಲೆ ಬಗ್ಗಿಸ್ಕಂಡು ಉಂಡು ಎದ್ದೋಗೋನು. ನಿಂಗ್ ಗೊತ್ತಿದ್ರೆ ಯೋಳ್ಬುಡು ತಾಯಿ. ಸ್ವಿಚ್ ಹಾಕಿದ್ ಯಾರು?”

ಹನ್ನೊಂದು ವರ್ಷದಿಂದ ಅವರು ಹುಡುಕುತ್ತಿದ್ದ ಸಮಯ ನನ್ನ ಮುಂದೆ ಬಂದು ಕೂತಿತ್ತು. ಹೇಳುವುದಕ್ಕೆ ಒಂದೇ ಮಾತು ಸಾಕು. ಆಕೆ ತಾವಾಗಿಯೇ ಕೇಳುತ್ತಿದ್ದಾರೆ. ಆದರೆ ಎದುರಿಗೆ ಅವರ ಫೋಟೋ, ಹೂವಿನ್ನೂ ಬಾಡಿಲ್ಲ. ಒಳಗೆ ಅವರ ಹೆಂಡತಿ, ಎರಡು ಹೆಣ್ಣುಮಕ್ಕಳು. ಬಾಗಿಲ ತುಂಬ ಊರಿನವರು. ಎಷ್ಟು ಸಲ ಅವರನ್ನು ಹೇಳಿ ಹೇಳಿ ಎಂದು ಕುಟುಕಿದ್ದೆ! ಹೇಳದಿದ್ದುದಕ್ಕೆ ಎಷ್ಟು ಹೀಯಾಳಿಸಿದ್ದೆ!

“ಇಲ್ಲ ಕಣಮ್ಮ, ನನಗೇನೂ ಹೇಳಲಿಲ್ಲ” ಎಂದೆ.

ಆಕೆ ನನ್ನ ಮುಖ ನೋಡಿದರು. ಆಮೇಲೆ ಕೈ ಬಿಟ್ಟರು. “ಅಂಗಾರೆ ಸಣ್ಣೋನೇಯ. ನಾನೇ ಸುಮ್ಕೆ ದೊಡ್ಡೋನ್ ಮ್ಯಾಲೆ ಅನ್ಮಾನ ಮಾಡ್ದೆ” ಎಂದರು. ಹೇಳುತ್ತಲೇ ಮುಂದಕ್ಕೆ ಬಾಗಿ, ಚಿಕ್ಕವನ ಎಲೆಯ ಮೇಲಿದ್ದ ಮೊಟ್ಟೆಯನ್ನು ಎತ್ತಿ ದೊಡ್ಡವನ ಎಲೆಗೆ ಇಟ್ಟರು.